ನೌಕರಿ ಹೋದಾಗ: ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೈದರಾಬಾದ್, ಪುಣೆಯಲ್ಲಿ ಎಚ್‌ಆರ್ ಕೆಲಸ ಮಾಡಿ ಬಂದವನು ನಾನು. ಈಗ ಕಲಬುರಗಿಯಲ್ಲಿ ಸಣ್ಣ ಕಂಪನಿಗಳ ಪಗಾರ, ಪಿಎಫ್ ಲೆಕ್ಕ ನೋಡಿಕೊಳ್ಳುತ್ತೇನೆ. ಅದು ಗೊತ್ತಿದ್ದವರು ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ, ರೈಲಿನಲ್ಲೂ ಬಿಡುವುದಿಲ್ಲ. ಮಗನ ನೌಕರಿ, ಅಳಿಯನ ನೌಕರಿ, ತಮ್ಮದೇ ನೌಕರಿ. ಕೇಳಿದ್ದನ್ನೇ ಕೇಳುತ್ತಾರೆ, ಹೇಳಿದ್ದನ್ನೇ ಹೇಳುತ್ತೇನೆ. ಅದಕ್ಕೇ ಒಂದು ಕಡೆ ಬರೆದಿಟ್ಟೆ. ಪ್ರಶ್ನೆಗಳನ್ನು ಅವರ ಬಾಯಲ್ಲಿ ಬಂದ ಹಾಗೇ ಇಟ್ಟಿದ್ದೇನೆ.

ಕಾನೂನಿನ ಬಗ್ಗೆ ಮೊದಲೇ ಒಂದು ಮಾತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1947ರ ಕೈಗಾರಿಕಾ ವಿವಾದ ಕಾಯ್ದೆ ಇದ್ದ ಜಾಗದಲ್ಲಿ ಈಗ ಕೈಗಾರಿಕಾ ಸಂಬಂಧಗಳ ಸಂಹಿತೆ ಇದೆ. ಪರಿಹಾರದ ಲೆಕ್ಕ ಹಳೆಯದೇ. ಕೆಲವು ಮಿತಿಗಳು ಮಾತ್ರ ಬದಲಾಗಿವೆ.

## ಮೊದಲ ದಿನದ ಪ್ರಶ್ನೆಗಳು

"ಕಂಪನಿ ಲಾಭದಾಗ ಅದ, ನನ್ ಕೆಲಸನೂ ಚೊಲೋ ಇತ್ತು. ಮತ್ಯಾಕ ತೆಗದ್ರು?"

ಲಾಭಕ್ಕೂ ಲೇಆಫ್‌ಗೂ ನೇರ ಸಂಬಂಧ ಇಲ್ಲ. 2022ರ ನವೆಂಬರ್‌ನಲ್ಲಿ ಮೆಟಾ 11,000 ಜನರನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಜನರನ್ನು ತೆಗೆಯಿತು. ಎರಡೂ ಆಗ ಲಾಭದಲ್ಲೇ ಇದ್ದವು. ಕೊರೊನಾ ಕಾಲದಲ್ಲಿ ಬೇಕಾಬಿಟ್ಟಿ ನೇಮಕ ಮಾಡಿಕೊಂಡಿದ್ದರು, ಆಮೇಲೆ ಕಡಿಮೆ ಮಾಡಿಕೊಂಡರು. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12,000 ಜನರನ್ನು ಬಿಡುತ್ತೇವೆ ಅಂದಾಗ ಹೆಚ್ಚಾಗಿ ಮಧ್ಯಮ ಮತ್ತು ಮೇಲಿನ ಹಂತದವರ ತಲೆಗೇ ಬಂತು. ಹದಿನೈದು ವರ್ಷದ ಅನುಭವ ಇದ್ದವರ ಪಗಾರವೂ ಜಾಸ್ತಿ, ಅವರಿಗೆ ಹೊಂದುವ ಪ್ರಾಜೆಕ್ಟ್‌ಗಳೂ ಕಡಿಮೆ.

ಮೇಲೆ ಕುಳಿತವರು ಪಟ್ಟಿ ಮಾಡುವಾಗ ಹಾಳೆಯ ಮೇಲೆ ಇರುವುದು ಹುದ್ದೆ, ವಿಭಾಗ, ಖರ್ಚು. ನಿಮ್ಮ ಹೆಸರು ಕೊನೆಗೆ ಬರುತ್ತದೆ. ಹಾಗಾಗಿ "ನನ್ನಲ್ಲೇ ಏನೋ ಕೊರತೆ" ಅಂತ ರಾತ್ರಿಯಿಡೀ ಯೋಚನೆ ಮಾಡುತ್ತಾ ಕೂರಬೇಡಿ. ಬೆಳಿಗ್ಗೆ ಎದ್ದು ನೋಡಬೇಕಾದ ಕಾಗದಗಳು ಬೇಕಾದಷ್ಟಿವೆ.

"ಎಚ್‌ಆರ್ ಮೀಟಿಂಗಿಗೆ ಕರದಾರ. ಹೋದಾಗ ಏನ್ ಮಾಡ್ಬೇಕ್ರಿ?"

ನಾನು ಮೇಜಿನ ಆ ಕಡೆ ಕೂತವನು. ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಸಣ್ಣ ರೂಮು. ಇಬ್ಬರು ಇರುತ್ತಾರೆ: ಒಬ್ಬರು ಎಚ್‌ಆರ್, ಇನ್ನೊಬ್ಬರು ನಿಮ್ಮ ಮ್ಯಾನೇಜರ್ ಅಥವಾ ನೀವು ಯಾವತ್ತೂ ನೋಡದ ಯಾರೋ. ಮೇಜಿನ ಮೇಲೆ ನೀರಿನ ಬಾಟಲಿ. ಹತ್ತು ಹದಿನೈದು ನಿಮಿಷದ ಮಾತು, ಅದೂ ಮೊದಲೇ ಬರೆದುಕೊಂಡದ್ದು. ಕೊನೆಗೆ ಲ್ಯಾಪ್‌ಟಾಪ್ ನಿಮ್ಮ ಕಡೆ ತಿರುಗಿಸುತ್ತಾರೆ. ಅದರಲ್ಲಿ "ವೈಯಕ್ತಿಕ ಕಾರಣದಿಂದ ರಾಜೀನಾಮೆ ನೀಡುತ್ತಿದ್ದೇನೆ" ಅಂತ ಮೇಲ್ ತಯಾರಾಗಿರುತ್ತದೆ. "ಒಂದು ಕ್ಲಿಕ್ ಅಷ್ಟೇ, ನಿಮ್ಮ ಒಳ್ಳೇದಕ್ಕೇ" ಅನ್ನುತ್ತಾರೆ.

ಕ್ಲಿಕ್ ಮಾಡಬೇಡಿ. ಕೂಗಾಡಲೂ ಬೇಡಿ. "ಓದಿ ನೋಡಿ ಹೇಳ್ತೀನಿ, ನೀವು ಹೇಳಿದ್ದನ್ನೆಲ್ಲ ಮೇಲ್‌ನಲ್ಲಿ ಕಳಿಸಿ" ಅಂದು ಎದ್ದು ಬನ್ನಿ. ಅದೇ ದಿನ ನಡೆದದ್ದನ್ನು ನೀವೇ ಒಂದು ಮೇಲ್‌ನಲ್ಲಿ ಬರೆದು ಎಚ್‌ಆರ್‌ಗೆ ಕಳಿಸಿ: ಯಾರಿದ್ದರು, ಏನಂದರು, ಏನು ಕೇಳಿದರು. ಅದರ ಪ್ರತಿ ನಿಮ್ಮ ಸ್ವಂತ ಮೇಲ್‌ಗೂ ಹೋಗಲಿ.

ಮೀಟಿಂಗಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿಕೊಳ್ಳಿ. ನೇಮಕ ಪತ್ರ, ಪಗಾರ ಚೀಟಿಗಳು, ತೆರಿಗೆ ಹಿಡಿದದ್ದನ್ನು ತೋರಿಸುವ ಫಾರ್ಮ್ 16, ರಜೆ ಬಾಕಿ ತೋರಿಸುವ ಪುಟ ಇಳಿಸಿ ಇಟ್ಟುಕೊಳ್ಳಿ. ರೂಮಿನಿಂದ ಹೊರಗೆ ಬರುವಷ್ಟರಲ್ಲಿ ಲಾಗಿನ್ ಬಂದ್ ಆಗಿರುತ್ತದೆ. ಕಂಪನಿಯ ಕೋಡ್, ಗ್ರಾಹಕರ ಫೈಲು ಮಾತ್ರ ಮುಟ್ಟಬೇಡಿ. ಅಷ್ಟು ಸಾಕು ಅವರಿಗೆ, ಬೇರೆ ಕೇಸೇ ಹಾಕುತ್ತಾರೆ.

"ಹುಡುಗಿ ನೋಡಾಕ ಹೊಂಟೀವಿ. ನೌಕರಿ ಹೋಗಿದ್ದು ಅವರಿಗೆ ಹೇಳ್ಬೇಕೇನ್ರಿ?"

ನಮ್ಮ ಕಡೆ ಕೇಳುವಷ್ಟು ಈ ಪ್ರಶ್ನೆಯನ್ನು ಬೇರೆ ಎಲ್ಲೂ ಕೇಳಲಿಕ್ಕಿಲ್ಲ. ಹೇಳಿ. ಬೀಗರ ಸಂಬಂಧಿ ಒಬ್ಬರಾದರೂ ಅದೇ ಕಂಪನಿಯಲ್ಲಿ ಇದ್ದೇ ಇರುತ್ತಾರೆ. ನಿಶ್ಚಯ ಆದ ಮೇಲೆ ಗೊತ್ತಾದರೆ ನೌಕರಿ ಹೋದದ್ದಕ್ಕಿಂತ ಸುಳ್ಳು ಹೇಳಿದ್ದೇ ದೊಡ್ಡದಾಗುತ್ತದೆ.

## ಕಾಗದ ಮತ್ತು ರೊಕ್ಕ

"ರಾಜೀನಾಮೆ ಕೊಟ್ರ ರೆಕಾರ್ಡ್ ಚೊಲೋ ಇರ್ತದ ಅಂತಾರ, ಖರೇನಾ?"

ಅರ್ಧ ಖರೆ. ಆ ಅರ್ಧವೂ ಕಂಪನಿಗೇ ಜಾಸ್ತಿ ಲಾಭ.

ರಾಜೀನಾಮೆ ಅಂದರೆ ನೀವಾಗಿ ಬಿಟ್ಟಿರಿ ಅಂತ ಅರ್ಥ. ಆಗ ತೆಗೆದದ್ದಕ್ಕೆ ಕೊಡಬೇಕಾದ ಪರಿಹಾರ ಕೊಡಬೇಕಿಲ್ಲ. ಸರ್ಕಾರಕ್ಕೆ ತಿಳಿಸಬೇಕಿಲ್ಲ. "ನಾವು ಲೇಆಫ್ ಮಾಡೇ ಇಲ್ಲ, ಅವರೇ ಹೋದರು" ಅಂತ ಪತ್ರಿಕೆಗೂ ಹೇಳಬಹುದು. ನೌಕರಿ ಹೋದರೆ ಸಾಲದ ಕಂತು ಕಟ್ಟುವ ವಿಮೆ ನೀವು ಮಾಡಿಸಿದ್ದರೆ ಅದೂ ಸಾಮಾನ್ಯವಾಗಿ ರಾಜೀನಾಮೆ ಕೊಟ್ಟವರಿಗೆ ಸಿಗುವುದಿಲ್ಲ. ನಾಳೆ ಕಾರ್ಮಿಕ ಅಧಿಕಾರಿ ಮುಂದೆ ಹೋದರೆ ಮೊದಲು ಎದುರಿಗೆ ಬರುವ ಕಾಗದವೂ ಅದೇ.

ಇನ್ನು ರೆಕಾರ್ಡ್ ವಿಷಯ. ಹೊಸ ಕಂಪನಿ ವಿಚಾರಿಸಿದಾಗ ಹಳೆ ಕಂಪನಿ ಸಾಮಾನ್ಯವಾಗಿ ಹೇಳುವುದು ಸೇರಿದ ತಾರೀಕು, ಬಿಟ್ಟ ತಾರೀಕು, ಹುದ್ದೆ. "ಸಿಬ್ಬಂದಿ ಕಡಿತದಲ್ಲಿ ಹೋದರು" ಅನ್ನುವುದು ಇವತ್ತು ಯಾರಿಗೂ ಕಳಂಕ ಅಲ್ಲ. ದುರ್ನಡತೆಗಾಗಿ ವಜಾ ಆದದ್ದು ಬೇರೆ, ಹುದ್ದೆಯೇ ಇಲ್ಲದಾದದ್ದು ಬೇರೆ. ಎಚ್‌ಆರ್‌ನವರು ಹೆದರಿಸುವಾಗ ಎರಡನ್ನೂ ಬೇಕೆಂದೇ ಕಲಸಿಬಿಡುತ್ತಾರೆ.

ಹಾಗಂತ ರಾಜೀನಾಮೆ ಯಾವತ್ತೂ ಕೊಡಲೇಬಾರದು ಅಂತ ನಾನು ಹೇಳುವುದಿಲ್ಲ. ಮೂರು ನಾಲ್ಕು ತಿಂಗಳ ಪಗಾರ, ವಿಮೆ ಮುಂದುವರಿಕೆ, ಒಳ್ಳೆಯ ಪತ್ರ, ಎಲ್ಲ ಕೊಟ್ಟು ಕೇಳಿದರೆ ಲೆಕ್ಕ ಹಾಕಿ ನೋಡಿ. ಆದರೆ ಒಪ್ಪಂದ ಬರವಣಿಗೆಯಲ್ಲಿರಲಿ. ಮೊತ್ತ, ತಾರೀಕು, ಕಂಪನಿ ಕಡೆಯವರ ಸಹಿ ಇರಲಿ. ಬಾಯಿಮಾತಿನ ಭರವಸೆಗೆ ರಾಜೀನಾಮೆ ಕೊಡಬೇಡಿ. ಕೊಟ್ಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

"ನನಗ ಒಟ್ಟು ಎಷ್ಟು ರೊಕ್ಕ ಬರಬೇಕು?"

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಸೇಡಂ ಕಡೆಯ ಕಾರ್ಖಾನೆಯೊಂದರಲ್ಲಿ ಲ್ಯಾಬ್ ಟೆಕ್ನಿಶಿಯನ್ ಅಂತ ಇಟ್ಟುಕೊಳ್ಳಿ. ಸೇವೆ 6 ವರ್ಷ 8 ತಿಂಗಳು. ಕಾನೂನಿನ ಲೆಕ್ಕಕ್ಕೆ ಬರುವ ಪಗಾರ ತಿಂಗಳಿಗೆ 26,000 ರೂಪಾಯಿ.

ನೋಟಿಸ್: ಒಂದು ತಿಂಗಳು ಮುಂಚೆ ಹೇಳಬೇಕು, ಇಲ್ಲವೇ ಆ ತಿಂಗಳ ಪಗಾರ ಕೊಡಬೇಕು. 26,000.

ಪರಿಹಾರ: ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರ. ಆರು ತಿಂಗಳು ಮೀರಿದ ತುಂಡು ವರ್ಷವನ್ನೂ ಪೂರ್ತಿ ವರ್ಷ ಅಂತಲೇ ಹಿಡಿಯಬೇಕು. ಹಾಗಾಗಿ 7 ವರ್ಷ. 13,000 ಗುಣಿಸು 7, ಅಂದರೆ 91,000.

ಗ್ರ್ಯಾಚುಟಿ: ಐದು ವರ್ಷ ದಾಟಿದೆ. ಇಲ್ಲಿ ಪಗಾರವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುತ್ತಾರೆ. 15,000 ಗುಣಿಸು 7, ಅಂದರೆ 1,05,000.

ಮೂರೂ ಕೂಡಿದರೆ 2,22,000. ಇದರ ಮೇಲೆ ಉಳಿದ ರಜೆಯ ರೊಕ್ಕ, ಕೆಲಸ ಮಾಡಿದ ದಿನಗಳ ಪಗಾರ. ಹೊಸ ಸಂಹಿತೆಯಲ್ಲಿ ಮರುಕೌಶಲ ನಿಧಿ ಅಂತ ಒಂದಿದೆ. ತೆಗೆದ ಪ್ರತಿ ಕಾರ್ಮಿಕನಿಗೆ 15 ದಿನದ ಪಗಾರದಷ್ಟನ್ನು ಮಾಲೀಕ ಅದಕ್ಕೆ ಕಟ್ಟಬೇಕು. 45 ದಿನದೊಳಗೆ ಅದು ಕಾರ್ಮಿಕನ ಖಾತೆಗೆ ಬರಬೇಕು. ತೆಗೆದವರ ಬಾಕಿ ಪಗಾರವನ್ನು ಎರಡು ಕೆಲಸದ ದಿನದೊಳಗೆ, ಗ್ರ್ಯಾಚುಟಿಯನ್ನು 30 ದಿನದೊಳಗೆ ಕೊಡಬೇಕು ಅನ್ನುವುದು ನಿಯಮ. "ಫುಲ್ ಆ್ಯಂಡ್ ಫೈನಲ್ (ಕೊನೆಯ ಲೆಕ್ಕ) ಮೂರು ತಿಂಗಳು ತಗೊಳ್ತದ" ಅನ್ನುವುದು ಕಂಪನಿಗಳ ಅಭ್ಯಾಸ, ಕಾನೂನಲ್ಲ.

ಅವಧಿ ಒಪ್ಪಂದದ ಮೇಲೆ ಸೇರಿದವರಿಗೆ ಈಗ ಒಂದು ವರ್ಷ ಮುಗಿದರೆ ಸಾಕು, ಗ್ರ್ಯಾಚುಟಿ ಬರುತ್ತದೆ.

"ನಾ ಸಾಫ್ಟ್‌ವೇರ್ ಎಂಜಿನಿಯರ್. ಈ ಕಾನೂನೆಲ್ಲ ಕಾರ್ಖಾನಿಯವರಿಗೆ ಅಲ್ಲೇನು?"

ನಿಮ್ಮ ವಿಸಿಟಿಂಗ್ ಕಾರ್ಡಿನ ಮೇಲಿನ ಹೆಸರಿಗಿಂತ ದಿನವಿಡೀ ಏನು ಮಾಡುತ್ತೀರಿ ಅನ್ನುವುದು ಮುಖ್ಯ. ತಾಂತ್ರಿಕ ಕೆಲಸ ಮಾಡುವವರೂ ಕಾರ್ಮಿಕರ ವ್ಯಾಖ್ಯೆಯೊಳಗೆ ಬರುತ್ತಾರೆ. ಮುಖ್ಯವಾಗಿ ಆಡಳಿತ ನೋಡುವ ಮ್ಯಾನೇಜರ್ ಬರುವುದಿಲ್ಲ. ಬರೀ "ಲೀಡ್" ಅಂತ ಹೆಸರಿದ್ದು, ಯಾರ ರಜೆಯನ್ನೂ ಮಂಜೂರು ಮಾಡುವ ಅಧಿಕಾರ ಇಲ್ಲದೆ ಕೋಡ್ ಬರೆಯುತ್ತಿದ್ದರೆ ವಾದ ಮಾಡಲು ಜಾಗ ಇದೆ. ಅದಲ್ಲದೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಆರು ತಿಂಗಳು ಸತತವಾಗಿ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಅದರ ಪಗಾರ ಇಲ್ಲದೆ ತೆಗೆಯುವಂತಿಲ್ಲ ಅನ್ನುತ್ತದೆ ಅದು.

"ಗುತ್ತಿಗೆದಾರ ನಾಳಿಂದ ಬರಬ್ಯಾಡ ಅಂದಾನ. ಕಂಪನಿಯವರು ನಮಗ ಸಂಬಂಧ ಇಲ್ಲ ಅಂತಾರ."

ವಾಡಿ, ಮಳಖೇಡ, ಸೇಡಂ ಸಿಮೆಂಟ್ ಕಡೆಯಿಂದ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದಿಂದ ಬರುವ ಪ್ರಶ್ನೆ ಇದು. ದೊಡ್ಡ ಕಂಪನಿಗಳ ಲೇಆಫ್ ಸುದ್ದಿಯಲ್ಲಿ ಇವರ ಸಂಖ್ಯೆ ಸೇರಿರುವುದೇ ಇಲ್ಲ. ಮೊದಲು ಹೋಗುವವರು ಇವರೇ.

ಸಂಬಂಧ ಇಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಮೂಲ ಕಂಪನಿ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಆದರೆ ನೀವು ಅಲ್ಲಿ ದುಡಿದದ್ದಕ್ಕೆ ಪುರಾವೆ ಬೇಕು. ಗೇಟ್ ಪಾಸ್, ಹಾಜರಿ ಪುಸ್ತಕದ ಫೋಟೊ, ಬ್ಯಾಂಕ್ ಪಾಸ್‌ಬುಕ್, ಸೇಫ್ಟಿ ತರಬೇತಿ ಕಾರ್ಡು, ಯಾವುದಾದರೂ ಸರಿ. ಗೇಟ್ ಪಾಸ್ ವಾಪಸ್ ಕೊಡುವ ಮುಂಚೆ ಎರಡೂ ಕಡೆ ಫೋಟೊ ತೆಗೆದುಕೊಳ್ಳಿ. ಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳು ಕಟ್ಟಿದ್ದಾನಾ ಅಂತ ನೋಡಿ. ಪಗಾರದಲ್ಲಿ ಹಿಡಿದು ಕಟ್ಟದೇ ಇದ್ದರೆ ಕಲಬುರಗಿಯ ಪಿಎಫ್ ಕಚೇರಿಗೆ ದೂರು ಕೊಡಬಹುದು.

"ಪಿಎಫ್ ಎಲ್ಲಾ ತಗದು ಕೈಯಾಗ ಇಟ್ಕೊಂಡ್ರ?"

ಹೊಟ್ಟೆಗೆ ಬೇಕಿದ್ದರೆ ತೆಗೆಯಿರಿ, ಸುಮ್ನೆ ತೆಗೆಯಬೇಡಿ. ಪಿಎಫ್ ಜೊತೆಗೇ ಬರುವ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎಂಟು ಒಂಬತ್ತು ವರ್ಷ ಆಗಿದ್ದವರು ಪಿಂಚಣಿ ಭಾಗವನ್ನೂ ತೆಗೆದುಬಿಟ್ಟರೆ ಮುಂದಿನ ಕಂಪನಿಯಲ್ಲಿ ಮತ್ತೆ ಸೊನ್ನೆಯಿಂದ ಶುರು.

ಇಎಸ್‌ಐ ಇದ್ದವರು ಇನ್ನೊಂದನ್ನು ಕೇಳಿ ನೋಡಿ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ 2018ರಿಂದ ಇದೆ. ನೌಕರಿ ಹೋದವರಿಗೆ ಸರಾಸರಿ ದಿನಗೂಲಿಯ ಅರ್ಧದಷ್ಟು, 90 ದಿನದವರೆಗೆ, ಜೀವನದಲ್ಲಿ ಒಂದು ಸಲ. ಅರ್ಜಿ ಹಾಕುವ ಮುಂಚೆ ಶಾಖಾ ಕಚೇರಿಯಲ್ಲಿ ಅರ್ಹತೆ ವಿಚಾರಿಸಿ. ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಗೆ ಹೋಗಿ ಬರುವವರಿಗೂ ಈ ಯೋಜನೆಯ ಹೆಸರು ಗೊತ್ತಿರುವುದಿಲ್ಲ.

"ಅಕ್ಕ ಬಾಣಂತನದ ರಜಾದಾಗ ಇದ್ದಾಳ, ಮೇಲ್ ಬಂದದ."

ಹೆರಿಗೆ ರಜೆಯಲ್ಲಿದ್ದಾಗ ತೆಗೆಯುವುದು ಕಾನೂನಿಗೆ ವಿರುದ್ಧ. ರಜೆಯ ನಡುವೆ ಮುಗಿಯುವ ಹಾಗೆ ನೋಟಿಸ್ ಕೊಡುವುದೂ ತಪ್ಪು. ಆ ಮೇಲ್‌ಗೆ ಇದಿಷ್ಟನ್ನು ಬರೆದು ಉತ್ತರ ಕೊಡಲಿ. ಎಷ್ಟೋ ಕಡೆ ಪಟ್ಟಿ ಮಾಡುವಾಗ ನೋಡಿಯೇ ಇರುವುದಿಲ್ಲ, ವಾಪಸ್ ತಗೊಳ್ಳುತ್ತಾರೆ.

## ಕಂಪನಿ ಕಂಪನಿಗೂ ಬೇರೆ ರೀತಿ

"ಜೂಮ್ ಕಾಲ್‌ನ್ಯಾಗೇ ತೆಗದ್ರಂತ. ಹಂಗೂ ಮಾಡ್ತಾರೇನ್ರಿ?"

ಮಾಡಿದ್ದಾರೆ. 2021ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಟರ್ ಡಾಟ್ ಕಾಮ್‌ನ ಮುಖ್ಯಸ್ಥ ವಿಶಾಲ್ ಗರ್ಗ್ ಸುಮಾರು 900 ಜನರನ್ನು ಒಂದೇ ಜೂಮ್ ಕರೆಯಲ್ಲಿ, ಮೂರು ನಿಮಿಷವೂ ಆಗದ ಮಾತಿನಲ್ಲಿ ಮನೆಗೆ ಕಳಿಸಿದರು. ಅದು ಎಲ್ಲರಿಗೂ ಗೊತ್ತಾಗಿ ಆಮೇಲೆ ಕ್ಷಮೆ ಕೇಳಬೇಕಾಯಿತು. 2022ರ ನವೆಂಬರ್‌ನಲ್ಲಿ ಟ್ವಿಟರ್ ಅರ್ಧದಷ್ಟು ಜನರನ್ನು ತೆಗೆದಾಗ ಹಲವರಿಗೆ ವಿಷಯ ಗೊತ್ತಾದದ್ದೇ ಲಾಗಿನ್ ಆಗದಿದ್ದಾಗ.

ಇದಕ್ಕೆ ಎದುರಾಗಿ ಏರ್‌ಬಿಎನ್‌ಬಿ ನೋಡಿ. 2020ರ ಮೇನಲ್ಲಿ ಪ್ರವಾಸ ಪೂರ್ತಿ ನಿಂತು ಹೋಗಿ ಸುಮಾರು 1,900 ಜನರನ್ನು, ಅಂದರೆ ಕಾಲು ಭಾಗದಷ್ಟು ಸಿಬ್ಬಂದಿಯನ್ನು ಬಿಡಬೇಕಾಯಿತು. ಯಾಕೆ, ಯಾವ ವಿಭಾಗ, ಏನು ಕೊಡುತ್ತೇವೆ ಅಂತ ಮುಖ್ಯಸ್ಥ ಬ್ರಯಾನ್ ಚೆಸ್ಕಿ ಉದ್ದದ ಪತ್ರ ಬರೆದರು. ಅಮೆರಿಕದವರಿಗೆ 14 ವಾರದ ಮೂಲ ಪಗಾರ, ಜೊತೆಗೆ ಸೇವೆಯ ವರ್ಷಕ್ಕೊಂದು ವಾರ, ಒಂದು ವರ್ಷದ ಆರೋಗ್ಯ ವಿಮೆ. ಲ್ಯಾಪ್‌ಟಾಪ್ ಇಟ್ಟುಕೊಳ್ಳಿ ಅಂದರು. ನೌಕರಿ ಹುಡುಕುವವರಿಗೆ ಲ್ಯಾಪ್‌ಟಾಪ್ ಎಷ್ಟು ಮುಖ್ಯ ಅಂತ ಯೋಚನೆ ಮಾಡಿದವರು ಯಾರೋ ಅಲ್ಲಿದ್ದರು. ನನಗೆ ಆ ಪತ್ರದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅದೇ.

"ಗೂಗಲ್‌ನವರು 16 ವಾರದ್ದು ಕೊಟ್ರಂತ. ನನ್ ಕಂಪನಿನೂ ಅಮೆರಿಕದ್ದೇ, ನನಗ್ಯಾಕಿಲ್ಲ?"

16 ವಾರ ಮತ್ತು ಸೇವೆಯ ಪ್ರತಿ ವರ್ಷಕ್ಕೆ ಎರಡು ವಾರ ಅಂತ ಗೂಗಲ್ ಹೇಳಿದ್ದು ಅಮೆರಿಕದ ಸಿಬ್ಬಂದಿಗೆ. ಬೇರೆ ದೇಶದವರಿಗೆ ಅಲ್ಲಲ್ಲಿನ ಪದ್ಧತಿಯಂತೆ ಅಂತ ಅದೇ ಪತ್ರದಲ್ಲಿತ್ತು. ಸುದ್ದಿಯಲ್ಲಿ ಮೊದಲ ಸಾಲು ಮಾತ್ರ ಬರುತ್ತದೆ. ಆದರೂ ಕೇಳುವುದರಲ್ಲಿ ತಪ್ಪಿಲ್ಲ. ಕಾನೂನಿನ ಮೊತ್ತ ಕನಿಷ್ಠ, ಅದರ ಮೇಲೆ ಕೊಡುವುದು ಮಾತುಕತೆಗೆ ಬಿಟ್ಟದ್ದು. ಎಲ್ಲರೂ ಸೇರಿ ಒಂದೇ ಮೇಲ್ ಬರೆದರೆ ಒಬ್ಬೊಬ್ಬರು ಕೇಳಿದ್ದಕ್ಕಿಂತ ಬೇಗ ಉತ್ತರ ಬರುತ್ತದೆ.

"ಲೇಆಫ್ ಅಂತ ಹೇಳಂಗೇ ಇಲ್ಲ. ಬೆಂಚ್, ಪಿಐಪಿ, ಟೆಸ್ಟ್ ಅಂತ ಹೇಳಿ ಕಳಿಸ್ತಾರ."

ಭಾರತದ ಐಟಿಯಲ್ಲಿ ಹೆಚ್ಚು ನಡೆಯುವುದು ಇದೇ. ಟಿಸಿಎಸ್ 2025ರಲ್ಲಿ ಬೆಂಚ್ ಮೇಲಿರುವ, ಅಂದರೆ ಪ್ರಾಜೆಕ್ಟ್ ಇಲ್ಲದೆ ಕೂತಿರುವ ದಿನಗಳನ್ನು ವರ್ಷಕ್ಕೆ 35ಕ್ಕೆ ಇಳಿಸಿತು. ಅದೇ ವರ್ಷ ಫೆಬ್ರವರಿಯಲ್ಲಿ ಇನ್ಫೊಸಿಸ್ ಮೈಸೂರು ಕ್ಯಾಂಪಸ್‌ನಲ್ಲಿ ಮೂರು ಅವಕಾಶದಲ್ಲೂ ಪರೀಕ್ಷೆ ಪಾಸಾಗಲಿಲ್ಲ ಅಂತ 300ಕ್ಕೂ ಹೆಚ್ಚು ಟ್ರೇನಿಗಳನ್ನು ಕಳಿಸಿತು. ಇದು ಮೊದಲಿನಿಂದ ಇರುವ ನಿಯಮ ಅಂತ ಕಂಪನಿ ಹೇಳಿತು. ಕಾರ್ಮಿಕ ಇಲಾಖೆಯವರು ಹೋಗಿ ವಿಚಾರಣೆ ಮಾಡಿದರು. ಅವರಲ್ಲಿ ಕೆಲವರು ಆಫರ್ ಪತ್ರ ಹಿಡಿದು ಎರಡು ವರ್ಷ ಕಾದಿದ್ದವರು.

ಪಿಐಪಿ, ಅಂದರೆ ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿಕೊಳ್ಳಿ ಅನ್ನುವ ಗಡುವು ಕೊಟ್ಟರೆ ಗುರಿಗಳನ್ನು ಬರವಣಿಗೆಯಲ್ಲಿ ಕೇಳಿ. ವಾರಕ್ಕೊಮ್ಮೆ ನೀವು ಮಾಡಿದ್ದನ್ನು ಮೇಲ್ ಹಾಕಿ. ಹಿಂದಿನ ವರ್ಷಗಳ ಒಳ್ಳೆಯ ರೇಟಿಂಗ್ ಇಳಿಸಿಟ್ಟುಕೊಳ್ಳಿ. ಪಿಐಪಿ ದಾಟಿ ಉಳಿದವರನ್ನು ನಾನು ಕಂಡಿದ್ದೇನೆ, ಆದರೆ ಕಡಿಮೆ. ಆ ಅವಧಿಯನ್ನು ಬೇರೆ ನೌಕರಿ ಹುಡುಕಲು ಬಳಸಿಕೊಳ್ಳಿ.

"ನಮ್ ಕಾಕಾ ಎಂಎಸ್‌ಕೆ ಮಿಲ್‌ನ್ಯಾಗ ಇದ್ರು. ಆಗ ಹಿಂಗಿತ್ತೇನು?"

ಆಗ ಒಂದೇ ದಿನದಲ್ಲಿ ಮೇಲ್ ಬರುತ್ತಿರಲಿಲ್ಲ. ಸಾವಕಾಶವಾಗಿ ಬಡವಾಗುತ್ತಿದ್ದರು. ಎಂಎಸ್‌ಕೆ ಅಂದರೆ ನಿಜಾಮರ ಕಾಲದ ಮೆಹಬೂಬ್ ಶಾಹಿ ಬಟ್ಟೆ ಮಿಲ್, ಅದು ಕೊನೆಗೆ ಸರ್ಕಾರಿ ಜವಳಿ ನಿಗಮ ಎನ್‌ಟಿಸಿ ಕೈಗೆ ಹೋಗಿ, ಅಲ್ಲೂ ನಡೆಯದೆ ನಿಂತಿತು. ಈಗಿನ ಹುಡುಗರಿಗೆ ಎಂಎಸ್‌ಕೆ ಮಿಲ್ ಅಂದರೆ ಒಂದು ಬಡಾವಣೆ. ಸೇಡಂ ತಾಲೂಕಿನ ಕುರಕುಂಟಾದ ಸರ್ಕಾರಿ ಕಂಪನಿ ಸಿಸಿಐನ ಸಿಮೆಂಟ್ ಕಾರ್ಖಾನೆಯೂ ಹಾಗೇ ನಿಂತು ಹೋಯಿತು.

ಸರ್ಕಾರಿ ಕಂಪನಿಗಳು ಜನರನ್ನು ಕಡಿಮೆ ಮಾಡುವ ದಾರಿ ಸಾಮಾನ್ಯವಾಗಿ ಸ್ವಯಂ ನಿವೃತ್ತಿ, ಅಂದರೆ ವಿಆರ್‌ಎಸ್. ದೊಡ್ಡ ಉದಾಹರಣೆ ಬಿಎಸ್‌ಎನ್‌ಎಲ್. 2019ರ ಯೋಜನೆಯಲ್ಲಿ 50 ವರ್ಷ ದಾಟಿದವರಿಗೆ ಅವಕಾಶ ಕೊಟ್ಟರು. ಸೇವೆ ಮುಗಿಸಿದ ಪ್ರತಿ ವರ್ಷಕ್ಕೆ 35 ದಿನ, ನಿವೃತ್ತಿಗೆ ಉಳಿದ ಪ್ರತಿ ವರ್ಷಕ್ಕೆ 25 ದಿನದ ಪಗಾರ. ಸುಮಾರು 78,500 ಜನ ಒಪ್ಪಿ 2020ರ ಜನವರಿ 31ಕ್ಕೆ ಹೊರಗೆ ಬಂದರು. ಖಾಸಗಿಯವರ 15 ದಿನದ ಪಕ್ಕ ಇಟ್ಟು ನೋಡಿ, ಅಂತರ ಗೊತ್ತಾಗುತ್ತದೆ.

"ಯಾರನ್ನೂ ತೆಗಿಯದ ಕಂಪನಿ ಅದವೇನ್ರಿ?"

ಬೆರಳೆಣಿಕೆಯಷ್ಟು. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಲಿಂಕನ್ ಎಲೆಕ್ಟ್ರಿಕ್ 1958ರಲ್ಲೇ ಉದ್ಯೋಗ ಭದ್ರತೆಯ ಮಾತು ಕೊಟ್ಟಿತು. ಮೂರು ವರ್ಷ ಪೂರೈಸಿದವರನ್ನು ಕೆಲಸ ಕಡಿಮೆ ಅಂತ ಹೇಳಿ ತೆಗೆಯುವುದಿಲ್ಲ. ಬದಲಿಗೆ ಎಲ್ಲರ ಕೆಲಸದ ಗಂಟೆ ಇಳಿಸುತ್ತಾರೆ, ಬೇರೆ ವಿಭಾಗಕ್ಕೆ ಹಾಕುತ್ತಾರೆ. ಜರ್ಮನಿಯಲ್ಲಿ ಇದನ್ನು ಸರ್ಕಾರವೇ ಮಾಡುತ್ತದೆ. ಕೆಲಸದ ಗಂಟೆ ಇಳಿದರೆ ಕಳೆದುಕೊಂಡ ನಿವ್ವಳ ಪಗಾರದ ಶೇ 60, ಮಕ್ಕಳಿದ್ದವರಿಗೆ ಶೇ 67 ಸರ್ಕಾರ ತುಂಬಿಕೊಡುತ್ತದೆ. ಕಂಪನಿಗೂ ಕಲಿತ ಜನ ಕೈಬಿಟ್ಟು ಹೋಗುವುದಿಲ್ಲ.

ನೋಕಿಯಾ ಬೇರೆ ದಾರಿ ಹಿಡಿಯಿತು. 2008ರಲ್ಲಿ ಜರ್ಮನಿಯ ಬೋಖುಮ್ ಕಾರ್ಖಾನೆ ಮುಚ್ಚಿ ಜನರ ಸಿಟ್ಟಿಗೆ ಗುರಿಯಾಗಿತ್ತು. 2011ರಲ್ಲಿ 13 ದೇಶಗಳಲ್ಲಿ ಸುಮಾರು 18,000 ಜನರನ್ನು ಬಿಡುವ ಹೊತ್ತಿಗೆ "ಬ್ರಿಡ್ಜ್" ಅಂತ ಕಾರ್ಯಕ್ರಮ ಮಾಡಿತು. ಬೇರೆ ನೌಕರಿ ಹುಡುಕಿಕೊಡುವುದು, ಹೊಸದು ಕಲಿಸುವುದು, ಸ್ವಂತ ಧಂದೆ ಮಾಡುವವರಿಗೆ ಬಂಡವಾಳ. ನಮ್ಮಲ್ಲಿ ಇಂಥದ್ದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದವರನ್ನು ನಾನು ಕಂಡಿಲ್ಲ.

## ಸ್ವಲ್ಪ ಆಳದ ಪ್ರಶ್ನೆಗಳು

"ತೆಗಿಯಾಕ ಸರ್ಕಾರದ ಪರವಾನಗಿ ಬೇಕಂತಾರ. ನಮ್ ಕಂಪನಿ ತಗೊಂಡಿಲ್ಲ."

ಎಲ್ಲರಿಗೂ ಬೇಕಿಲ್ಲ. ಕಾರ್ಖಾನೆ, ಗಣಿ, ತೋಟ ಈ ಮೂರಕ್ಕೆ ಮಾತ್ರ. ಹಳೆ ಕಾಯ್ದೆಯಲ್ಲಿ 100 ಕಾರ್ಮಿಕರಿದ್ದರೆ ಬೇಕಿತ್ತು, ಈಗ 300. ನಡುವಿನ ಕಾರ್ಖಾನೆಗಳೆಲ್ಲ ಈ ಕಟ್ಟಿನಿಂದ ಹೊರಗೆ ಬಂದವು. ನನ್ನ ಪ್ರಕಾರ ನಮ್ಮ ಜಿಲ್ಲೆಗಳಿಗೆ ಸಂಹಿತೆಯಲ್ಲಿ ಎಲ್ಲಕ್ಕಿಂತ ಜೋರಾಗಿ ತಟ್ಟುವ ಬದಲಾವಣೆ ಇದೇ. ಐಟಿ ಕಂಪನಿಗೆ ಆಗಲೂ ಬೇಕಿರಲಿಲ್ಲ, ಈಗಲೂ ಬೇಕಿಲ್ಲ. ಹಂಗಾಮಿನಲ್ಲಿ ಮಾತ್ರ ನಡೆಯುವ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವುದು ಮುಗಿದ ಮೇಲೆ ಮನೆಗೆ ಕಳಿಸುವುದು ಈ ಲೆಕ್ಕಕ್ಕೆ ಬರುವುದಿಲ್ಲ.

"ಕಂಪನಿ ಹೈದರಾಬಾದ್‌ದು, ನಾ ಬೀದರ್‌ದಾಗ ಮನಿಯಿಂದ ಕೆಲಸ ಮಾಡ್ತಿದ್ದೆ. ದೂರು ಎಲ್ಲಿ ಕೊಡ್ಲಿ?"

ನೇಮಕ ಪತ್ರದಲ್ಲಿ ಕೆಲಸದ ಸ್ಥಳ ಅಂತ ಏನು ಬರೆದಿದೆ ನೋಡಿ. ಸಾಮಾನ್ಯವಾಗಿ ಆ ಕಚೇರಿ ಇರುವ ಊರಿನ ಕಾರ್ಮಿಕ ಇಲಾಖೆ. ಹೈದರಾಬಾದ್ ಅಂತಿದ್ದರೆ ತೆಲಂಗಾಣ ಸರ್ಕಾರದ್ದು, ಬೆಂಗಳೂರು ಅಂತಿದ್ದರೆ ಕರ್ನಾಟಕದ್ದು. ಬೀದರ್ ಅಥವಾ ಮನೆ ಅಂತ ಬರೆದಿದ್ದರೆ ಇಲ್ಲೇ ಕೊಡುವುದಕ್ಕೆ ವಾದ ಇದೆ. ಮೊದಲು ಸಂಧಾನಾಧಿಕಾರಿ ಇಬ್ಬರನ್ನೂ ಕರೆಸುತ್ತಾರೆ. 45 ದಿನದಲ್ಲಿ ಬಗೆಹರಿಯದಿದ್ದರೆ ನ್ಯಾಯಮಂಡಳಿಗೆ ನೀವೇ ಹೋಗಬಹುದು. ಸಂಧಾನಕ್ಕೆ ಕರೆ ಬಂದ ಮೇಲೆ ಎಷ್ಟೋ ಕಂಪನಿಗಳು ತಡೆಹಿಡಿದ ರಿಲೀವಿಂಗ್ (ಕೆಲಸದಿಂದ ಬಿಡುಗಡೆ) ಪತ್ರವನ್ನಾದರೂ ಕೊಟ್ಟುಬಿಡುತ್ತವೆ. ಐಟಿಯವರಿಗೆ ಕರ್ನಾಟಕ ರಾಜ್ಯ ಐಟಿ, ಐಟಿಇಎಸ್ ನೌಕರರ ಸಂಘ ಇದೆ, ಕಿಟು ಅಂತಾರೆ. ಒಬ್ಬರೇ ಅಲೆಯುವ ಬದಲು ಅವರನ್ನು ಕೇಳಿ.

"ನಂದು ದಾಲ್ ಮಿಲ್. ಮೂರು ಮಂದಿನ್ನ ತೆಗಿಬೇಕಾಗ್ಯದ. ಹೆಂಗ ಮಾಡ್ಲಿ?"

ಈ ಪ್ರಶ್ನೆ ಕೇಳುವ ಮಾಲೀಕರು ಕಡಿಮೆ. ಕೇಳಿದ್ದಕ್ಕೆ ಖುಷಿಯಾಯಿತು.

ಮೊದಲು ನೀವೇ ಲೆಕ್ಕ ಹಾಕಿ, ತೆಗೆಯುವುದರಿಂದ ಎಷ್ಟು ಉಳಿಯುತ್ತದೆ. ತೊಗರಿ ಹಂಗಾಮು ಬಂದಾಗ ಮತ್ತೆ ಮಷಿನ್ ಗೊತ್ತಿದ್ದವರೇ ಬೇಕು. ಹೊಸಬ ಕಲಿಯುವಷ್ಟರಲ್ಲಿ ಬೇಳೆ ಎಷ್ಟು ನುಚ್ಚಾಗುತ್ತದೆ ಅಂತ ನಿಮಗೇ ಗೊತ್ತು. ಪಾಳಿ ಹಂಚಿ ಇಟ್ಟುಕೊಳ್ಳಲು ಆಗುತ್ತದಾ ನೋಡಿ.

ತೆಗೆಯಲೇಬೇಕಾದರೆ ಕೊನೆಗೆ ಸೇರಿದವರು ಮೊದಲು ಹೋಗಬೇಕು. ಬೇರೆ ಯಾರನ್ನಾದರೂ ಆರಿಸಿದರೆ ಕಾರಣ ಬರೆದಿಡಿ. ವರ್ಷದಲ್ಲಿ 240 ದಿನ ದುಡಿದವರಿಗೆ ನೋಟಿಸ್ ಮತ್ತು ಪರಿಹಾರ ಕೊಡಲೇಬೇಕು, ಕಾರ್ಮಿಕ ಇಲಾಖೆಗೂ ತಿಳಿಸಬೇಕು. ಮುಂದೆ ಅದೇ ಕೆಲಸಕ್ಕೆ ಜನ ಬೇಕಾದಾಗ ಮೊದಲು ಇವರನ್ನೇ ಕರೆಯಿರಿ, ಕಾನೂನೂ ಅದನ್ನೇ ಹೇಳುತ್ತದೆ. ಶನಿವಾರ ಸಂಜೆ ಮುಕಾದಮನ ಕೈಯಲ್ಲಿ ಹೇಳಿ ಕಳಿಸಬೇಡಿ. ಬೆಳಿಗ್ಗೆ ಹೊತ್ತು ಒಬ್ಬೊಬ್ಬರನ್ನೇ ಕರೆದು ಕೂರಿಸಿ ನೀವೇ ಹೇಳಿ. ಚೆಕ್ ಮತ್ತು ಸೇವಾ ಪತ್ರ ಆಗಲೇ ಮೇಜಿನ ಮೇಲಿರಲಿ. ಪಕ್ಕದ ಮಿಲ್‌ನವರಿಗೆ ಅವರ ಎದುರೇ ಒಂದು ಫೋನ್ ಮಾಡಿ. ಗಂಜ್‌ನಲ್ಲಿ ನಿಮ್ಮ ಮಾತಿಗೆ ಬೆಲೆ ಇದ್ದರೆ ಮೂವರಲ್ಲಿ ಒಬ್ಬರಿಗಾದರೂ ಅಲ್ಲೇ ಕೆಲಸ ಸಿಗುತ್ತದೆ.